ವಿಚ್ಛೇದನದ ನಂತರ ಬಂದ ಜಂಟಿ ರಾಜ್ಯ ತೆರಿಗೆ ರೀಫಂಡ್: 1099-ಜಿ ನನ್ನ ಹೆಸರಿನಲ್ಲಿದೆ, ಹಣ ಇಬ್ಬರಿಗೂ ಹಂಚಿಕೆಯಾಗಿದೆ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕೇರಿ (Cary) ಎಂಬ ಊರಿನಲ್ಲಿ ವಾಸವಾಗಿದ್ದೇನೆ. ನಾನೂ ನನ್ನ ಮಾಜಿ ಪತಿಯೂ 2024ರ ಆಗಸ್ಟ್‌ನಿಂದ ಬೇರೆ ಬೇರೆ ಮನೆಗಳಲ್ಲಿದ್ದೆವು. ವಿಚ್ಛೇದನಕ್ಕೆ ಮುನ್ನ ಒಂದು ವರ್ಷ ಪ್ರತ್ಯೇಕವಾಗಿ ವಾಸವಿರಬೇಕೆಂಬ ನಿಯಮ ಈ ರಾಜ್ಯದಲ್ಲಿ ಇರುವುದರಿಂದ ನ್ಯಾಯಾಲಯದ ತೀರ್ಪು ಬಂದದ್ದು 2025ರ ಅಕ್ಟೋಬರ್‌ನಲ್ಲಿ. 2024ರ ಡಿಸೆಂಬರ್ 31ರಂದು ನಾವಿನ್ನೂ ಕಾನೂನಿನ ಪ್ರಕಾರ ದಂಪತಿಗಳಾಗಿದ್ದ ಕಾರಣ ಆ ವರ್ಷದ ಫೆಡರಲ್ ರಿಟರ್ನ್ ಮತ್ತು ರಾಜ್ಯದ ರಿಟರ್ನ್ ಎರಡನ್ನೂ ಜಂಟಿಯಾಗಿಯೇ ಸಲ್ಲಿಸಿದ್ದೆವು. ರಾಜ್ಯದಿಂದ ಬರಬೇಕಾಗಿದ್ದ 1,600 ಡಾಲರ್ ರೀಫಂಡ್ 2025ರ ಮೇ ತಿಂಗಳಲ್ಲಿ ಅವರ ಬ್ಯಾಂಕ್ ಖಾತೆಗೆ ಜಮೆಯಾಯಿತು. ಮಾತುಕತೆಯಾದ ಮೇಲೆ ಅದರಲ್ಲಿ ಅರ್ಧವನ್ನು, ಅಂದರೆ 800 ಡಾಲರನ್ನು, ನನಗೆ ಕಳುಹಿಸಿದರು.

ಈಗ 2025ರ ರಿಟರ್ನ್‌ಗೆ ಕಾಗದಪತ್ರಗಳನ್ನು ಜೋಡಿಸುತ್ತಿದ್ದೇನೆ. ರಾಜ್ಯದ ಕಂದಾಯ ಇಲಾಖೆಯಿಂದ ರೀಫಂಡ್‌ನ ವಿವರ ತಿಳಿಸುವ ಫಾರ್ಮ್ 1099-ಜಿ ಬಂದಿದ್ದು, ಅದರ ಎರಡನೆಯ ಚೌಕದಲ್ಲಿ ಪೂರ್ತಿ 1,600 ಡಾಲರ್, ಮೂರನೆಯ ಚೌಕದಲ್ಲಿ 2024 ಎಂದು ನಮೂದಾಗಿದೆ. ಜಂಟಿ ರಿಟರ್ನ್‌ನಲ್ಲಿ ಮೊದಲ ಹೆಸರು ನನ್ನದಾಗಿದ್ದರಿಂದ ಫಾರ್ಮ್‌ನಲ್ಲಿ ಇರುವುದು ನನ್ನ ಹೆಸರು, ನನ್ನ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ) ಮಾತ್ರ. ಫಾರ್ಮ್ ಯಾರ ಹೆಸರಿಗೆ ಬಂದಿದೆಯೋ ಅವರೇ ಪೂರ್ತಿ ಆದಾಯವೆಂದು ತೋರಿಸಬೇಕು ಎಂಬುದು ಮಾಜಿ ಪತಿಯ ವಾದ. ನನ್ನ ಕೈಗೆ ಬಾರದ ಹಣಕ್ಕೂ ನಾನೇ ತೆರಿಗೆ ಕಟ್ಟಬೇಕೇ? ಕಟ್ಟಬೇಕಿಲ್ಲವಾದರೆ, ಫಾರ್ಮ್‌ನಲ್ಲಿರುವ ಮೊತ್ತಕ್ಕೂ ನಾನು ತೋರಿಸುವ ಮೊತ್ತಕ್ಕೂ ತಾಳೆಯಾಗದಿದ್ದಾಗ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಏನೆಂದು ಉತ್ತರಿಸಬೇಕು? ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕೆಂದು ಕೋರುತ್ತೇನೆ.

ಲೆಕ್ಕಪತ್ರ:

ನಮಸ್ಕಾರ ಮೇಡಂ. ಐಆರ್‌ಎಸ್ ಬೆಂಬಲದಿಂದ ನಡೆಯುವ ವೀಟಾ ಉಚಿತ ತೆರಿಗೆ ಸಹಾಯ ಕೇಂದ್ರವೊಂದರಲ್ಲಿ ನಾನು ಸ್ವಯಂಸೇವಕನಾಗಿದ್ದೇನೆ. ನಿಮ್ಮ ಪ್ರಶ್ನೆ ಹಂಚಿಕೆಯ ಬಗ್ಗೆ ಇದೆ, ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇನ್ನೊಂದಿದೆ. ಈ ರೀಫಂಡ್‌ನಲ್ಲಿ ತೆರಿಗೆಗೆ ಒಳಪಡುವ ಭಾಗವೇನಾದರೂ ಇದೆಯೇ?

ರಾಜ್ಯದ ರೀಫಂಡ್ ತನ್ನಷ್ಟಕ್ಕೆ ಆದಾಯವಲ್ಲ, ಹೆಚ್ಚಾಗಿ ಕಟ್ಟಿದ್ದ ನಿಮ್ಮದೇ ಹಣ ವಾಪಸು ಬಂದದ್ದು. ಹಿಂದಿನ ವರ್ಷದ ಫೆಡರಲ್ ರಿಟರ್ನ್‌ನಲ್ಲಿ ರಾಜ್ಯಕ್ಕೆ ಕಟ್ಟಿದ ಆದಾಯ ತೆರಿಗೆಯನ್ನು ಶೆಡ್ಯೂಲ್ ಎ (ಕಡಿತಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಹಾಳೆ) ಮೂಲಕ ಕಳೆದುಕೊಂಡು, ಅದರಿಂದ ನಿಜವಾಗಿಯೂ ಫೆಡರಲ್ ತೆರಿಗೆ ಕಡಿಮೆಯಾಗಿದ್ದರೆ ಮಾತ್ರ, ಆ ಲಾಭದ ಮಟ್ಟಿಗೆ, ಅದು ಈ ವರ್ಷದ ಆದಾಯವಾಗುತ್ತದೆ. ತೆರಿಗೆ ಸಂಹಿತೆಯ 111ನೇ ವಿಭಾಗದ ತಿರುಳು ಇದೇ. 2024ರಲ್ಲಿ ನೀವಿಬ್ಬರೂ ಪಟ್ಟಿಯ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ (ಎಲ್ಲರಿಗೂ ನಿಗದಿಯಾದ ಕಡಿತ) ತೆಗೆದುಕೊಂಡಿದ್ದರೆ ತೆರಿಗೆಗೆ ಒಳಪಡುವ ಮೊತ್ತ ಸೊನ್ನೆ, ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ.

ಆದ್ದರಿಂದ ದಯವಿಟ್ಟು 2024ರ ಜಂಟಿ ರಿಟರ್ನ್ ತೆರೆದು ನೋಡಿ. ಶೆಡ್ಯೂಲ್ ಎ ಇದೆಯೇ? ಇದ್ದರೆ 5ಎ ಸಾಲಿನಲ್ಲಿ ಎಷ್ಟಿದೆ, ಆದಾಯ ತೆರಿಗೆಯ ಬದಲು ಮಾರಾಟ ತೆರಿಗೆಯನ್ನು ಆರಿಸಿಕೊಂಡಿದ್ದೇವೆಂಬ ಚೌಕದಲ್ಲಿ ಗುರುತು ಹಾಕಿದ್ದೀರೇ, 5ಇ ಸಾಲಿನಲ್ಲಿ (ಮಿತಿಗೆ ಒಳಪಟ್ಟು ಸಿಕ್ಕ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತ) ಎಷ್ಟಿದೆ, ಶೆಡ್ಯೂಲ್‌ನ ಒಟ್ಟು ಮೊತ್ತವೆಷ್ಟು ಎಂಬುದನ್ನು ತಿಳಿಸಿ.

ಬೇ ಏರಿಯಾ ಕನ್ನಡಿಗ:

ಲೆಕ್ಕಪತ್ರ ಅವರು ಕೇಳಿದ 5ಇ ಸಾಲಿನ ಮಹತ್ವ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು. 2018ರಿಂದ 2024ರವರೆಗಿನ ವರ್ಷಗಳಿಗೆ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತಕ್ಕೆ 10,000 ಡಾಲರ್ ಮಿತಿ ಇತ್ತು. ನಮ್ಮಲ್ಲಿ ಒಂದು ದಂಪತಿ 2024ರಲ್ಲಿ ರಾಜ್ಯದ ಆದಾಯ ತೆರಿಗೆ 15,000, ಮನೆಯ ಆಸ್ತಿ ತೆರಿಗೆ 12,000, ಒಟ್ಟು 27,000 ಡಾಲರ್ ಕಟ್ಟಿದ್ದಾರೆ ಎಂದುಕೊಳ್ಳಿ. ಕಡಿತವಾಗಿ ಸಿಕ್ಕಿದ್ದು 10,000 ಮಾತ್ರ. ಅವರಿಗೆ 2,400 ಡಾಲರ್ ರೀಫಂಡ್ ಬಂದರೆ, ಆರಂಭದಲ್ಲೇ ಅಷ್ಟು ಕಡಿಮೆ ಕಟ್ಟಿದ್ದರೂ ಒಟ್ಟು 24,600 ಆಗುತ್ತಿತ್ತು, ಕಡಿತ ಆಗಲೂ 10,000 ಆಗಿಯೇ ಇರುತ್ತಿತ್ತು. ರೀಫಂಡ್‌ನ ಭಾಗದಿಂದ ಯಾವ ಲಾಭವೂ ಆಗಿಲ್ಲವಾದ್ದರಿಂದ ಅದು ಆದಾಯವಲ್ಲ. ಐಆರ್‌ಎಸ್ ಇದನ್ನು ರೆವಿನ್ಯೂ ರೂಲಿಂಗ್ 2019-11ರಲ್ಲಿ ಉದಾಹರಣೆಗಳೊಂದಿಗೆ ವಿವರಿಸಿದೆ. ಹೀಗಿದ್ದರೂ 1099-ಜಿ ಬರುತ್ತದೆ. ಫಾರ್ಮ್ ಬಂದ ಮಾತ್ರಕ್ಕೆ ಅದರಲ್ಲಿರುವ ಮೊತ್ತವನ್ನೆಲ್ಲ ಆದಾಯವೆಂದು ಬರೆದು, ವಿಚ್ಛೇದನದ ದುಃಖದ ಜೊತೆಗೆ ಇಲ್ಲದ ತೆರಿಗೆಯ ಭಾರವನ್ನೂ ಹೊತ್ತವರನ್ನು ನಾನು ಕಂಡಿದ್ದೇನೆ.

ತುಂಗಾತೀರ:

ಇಬ್ಬರಿಗೂ ಧನ್ಯವಾದಗಳು. ಜಂಟಿ ರಿಟರ್ನ್ ತೆಗೆದು ನೋಡಿದೆ, ಶೆಡ್ಯೂಲ್ ಎ ಇದೆ. 5ಎ ಸಾಲಿನಲ್ಲಿ ರಾಜ್ಯದ ಆದಾಯ ತೆರಿಗೆ 6,200 (ನನ್ನ ಸಂಬಳದಿಂದ ಮುರಿದುಕೊಂಡದ್ದು 2,600, ಅವರ ಸಂಬಳದಿಂದ 3,600), ಆಸ್ತಿ ತೆರಿಗೆ 3,100, ಹಾಗಾಗಿ 5ಇ ಸಾಲಿನಲ್ಲಿ 9,300 ಇದೆ. ಮಾರಾಟ ತೆರಿಗೆಯ ಚೌಕದಲ್ಲಿ ಗುರುತಿಲ್ಲ. ಮನೆಸಾಲದ ಬಡ್ಡಿ 18,900, ದಾನ 2,000. ಎಲ್ಲ ಸೇರಿ 30,200 ಡಾಲರ್.

ಲೆಕ್ಕಪತ್ರ:

ಹಾಗಾದರೆ ನಿಮ್ಮ ಪ್ರಕರಣದಲ್ಲಿ 10,000ದ ಮಿತಿ ಅಡ್ಡಬರುವುದಿಲ್ಲ, ಲೆಕ್ಕ ಹಾಕಲೇಬೇಕು. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಎಲ್ಲಿ ತಪ್ಪು ನುಸುಳುತ್ತದೆ ಎಂಬುದು ಹಂತಹಂತವಾಗಿ ನೋಡಿದಾಗ ಮಾತ್ರ ಗೊತ್ತಾಗುತ್ತದೆ.

2024ರಲ್ಲಿ ಜಂಟಿಯಾಗಿ ಸಲ್ಲಿಸಿದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 29,200 ಡಾಲರ್ ಇತ್ತು (65 ವರ್ಷ ದಾಟಿದವರಿಗೆ ಸಿಗುವ ಹೆಚ್ಚುವರಿ ಮೊತ್ತ ನಿಮಗೆ ಅನ್ವಯಿಸುವುದಿಲ್ಲ ಎಂದು ಭಾವಿಸಿದ್ದೇನೆ). ನೀವು ತೆಗೆದುಕೊಂಡದ್ದು 30,200. ರಾಜ್ಯಕ್ಕೆ 1,600 ಹೆಚ್ಚಾಗಿ ಕಟ್ಟದೇ ಇದ್ದಿದ್ದರೆ ಶೆಡ್ಯೂಲ್ ಎ ಮೊತ್ತ 28,600 ಆಗುತ್ತಿತ್ತು. ಅದು 29,200ಕ್ಕಿಂತ ಕಡಿಮೆಯಾದ್ದರಿಂದ ನೀವು ಸ್ಟ್ಯಾಂಡರ್ಡ್ ಡಿಡಕ್ಷನ್‌ಗೇ ಹೋಗುತ್ತಿದ್ದಿರಿ. ಅಂದರೆ ಆ ಹೆಚ್ಚುವರಿ ಪಾವತಿಯಿಂದ ನಿಮ್ಮಿಬ್ಬರಿಗೂ ಸೇರಿ ಸಿಕ್ಕ ಲಾಭ 30,200ಕ್ಕೂ 29,200ಕ್ಕೂ ಇರುವ ವ್ಯತ್ಯಾಸ, 1,000 ಡಾಲರ್. ರೀಫಂಡ್ 1,600 ಆಗಿದ್ದರೂ ತೆರಿಗೆಗೆ ಒಳಪಡುವುದು 1,000 ಮಾತ್ರ, ಉಳಿದ 600 ಯಾರ ರಿಟರ್ನ್‌ನಲ್ಲಿಯೂ ಆದಾಯವಾಗುವುದಿಲ್ಲ.

ಇನ್ನು ಹಂಚಿಕೆಯ ವಿಷಯ. ಫೆಡರಲ್ ರಿಟರ್ನ್ ಆದ ಫಾರ್ಮ್ 1040ರ ಸೂಚನಾ ಪುಸ್ತಕದಲ್ಲಿ, ಇಂಥ ರೀಫಂಡ್ ತೋರಿಸುವ ಶೆಡ್ಯೂಲ್ 1ರ ಮೊದಲ ಸಾಲಿಗೆಂದು ಒಂದು ಚಿಕ್ಕ ವರ್ಕ್‌ಶೀಟ್ ಇದೆ. ಜಂಟಿ ರಾಜ್ಯ ರಿಟರ್ನ್‌ನಿಂದ ರೀಫಂಡ್ ಬಂದು, ಈ ವರ್ಷ ಅದೇ ವ್ಯಕ್ತಿಯೊಂದಿಗೆ ಜಂಟಿ ಫೆಡರಲ್ ರಿಟರ್ನ್ ಸಲ್ಲಿಸುತ್ತಿಲ್ಲವಾದರೆ ಆ ವರ್ಕ್‌ಶೀಟ್ ಬಳಸದೆ ಐಆರ್‌ಎಸ್ ಪ್ರಕಟಣೆ 525ರ ರಿಕವರಿ (ಹಿಂದೆ ಕಳೆದುಕೊಂಡ ಹಣ ಮರಳಿ ಬರುವುದು) ಭಾಗವನ್ನು ನೋಡಬೇಕೆಂದು ಅಲ್ಲೇ ಹೇಳಿದೆ. ಕಾರಣ ಇಷ್ಟೇ: ಲಾಭ ಸಿಕ್ಕಿದ್ದು ಇಬ್ಬರ ಜಂಟಿ ರಿಟರ್ನ್‌ಗೆ, ಆದಾಯ ತೋರಿಸಬೇಕಾಗಿರುವುದು ಎರಡು ಪ್ರತ್ಯೇಕ ರಿಟರ್ನ್‌ಗಳಲ್ಲಿ. ಆದ್ದರಿಂದ ಮೊದಲು ಪೂರ್ತಿ ರೀಫಂಡ್‌ಗೆ ಜಂಟಿ ಅಂಕಿಗಳಿಂದ ತೆರಿಗೆಗೆ ಒಳಪಡುವ ಭಾಗವನ್ನು ಕಂಡುಹಿಡಿದು, ಆಮೇಲೆ ಅದನ್ನು ರೀಫಂಡ್ ಹಂಚಿಕೆಯಾದ ಪ್ರಮಾಣದಲ್ಲೇ ಹಂಚಬೇಕು. ನೀವು ಅರ್ಧರ್ಧ ಮಾಡಿಕೊಂಡಿದ್ದರೆ ನಿಮ್ಮ ಪಾಲು 500, ಅವರ ಪಾಲು 500. ನೀವು 22% ತೆರಿಗೆ ಹಂತದಲ್ಲಿದ್ದರೆ ನಿಮಗೆ ಬೀಳುವ ತೆರಿಗೆ 110 ಡಾಲರ್.

ಸಾಫ್ಟ್‌ವೇರ್‌ನಲ್ಲಿ ಮಾಡುವವರು ಇಲ್ಲಿ ಬಹಳ ಎಚ್ಚರ ವಹಿಸಬೇಕು. ರೀಫಂಡ್ 800 ಎಂದು ತುಂಬಿ, ಕಳೆದ ವರ್ಷದ ಕಡಿತಗಳ ಜಾಗದಲ್ಲಿ ಜಂಟಿ ಅಂಕಿಗಳನ್ನೇ ಕೊಟ್ಟರೆ, 800 ಎಂಬುದು 1,000ದ ಮಿತಿಯೊಳಗೇ ಇರುವುದರಿಂದ ಪೂರ್ತಿ 800 ಡಾಲರ್ ಆದಾಯವಾಗಿಬಿಡುತ್ತದೆ. ಇಬ್ಬರೂ ಹೀಗೆಯೇ ಮಾಡಿದರೆ 1,000ದ ಬದಲು 1,600ಕ್ಕೆ ತೆರಿಗೆ ಕಟ್ಟಿದಂತಾಯಿತು. ಕಳೆದ ವರ್ಷದ ಸ್ಥಿತಿ ಯಾವುದೆಂದು ಕೇಳಿದಾಗ ಈ ವರ್ಷದ ಅಭ್ಯಾಸದಲ್ಲಿ ಅವಿವಾಹಿತೆ ಎಂದು ಒತ್ತಿದರೂ ತಪ್ಪಾಗುತ್ತದೆ, ಏಕೆಂದರೆ ಆಗ ಹೋಲಿಕೆ ನಡೆಯುವುದು ಒಬ್ಬರೇ ಸಲ್ಲಿಸುವವರ ಸ್ಟ್ಯಾಂಡರ್ಡ್ ಡಿಡಕ್ಷನ್ ಆದ 14,600ರ ಜೊತೆ. ಮೊತ್ತವನ್ನು ಕೈಲೆಕ್ಕದಲ್ಲಿ ಮಾಡಿಕೊಂಡು, ಸಾಫ್ಟ್‌ವೇರ್‌ನ ಫಲಿತಾಂಶ ಅದಕ್ಕೆ ಹೊಂದುವಂತೆ ನೋಡಿಕೊಳ್ಳುವುದೇ ಸರಿಯಾದ ದಾರಿ.

ರಾಲಿ ನಿವಾಸಿ:

ಲೆಕ್ಕದಲ್ಲಿ ನನಗೆ ತಕರಾರಿಲ್ಲ, ಆದರೆ ಅರ್ಧರ್ಧ ಎಂಬುದು ತಾನಾಗಿಯೇ ಬರುವುದಿಲ್ಲ ಎಂಬುದನ್ನು ತುಂಗಾತೀರ ಅವರು ಗಮನಿಸಬೇಕು. ನಾನೂ ಇದೇ ರಾಜ್ಯದಲ್ಲಿ ವಿಚ್ಛೇದನ ಪಡೆದವನು. ಇಲ್ಲಿ ಆಸ್ತಿ ಹಂಚಿಕೆಗೆ ಗೆರೆ ಎಳೆಯುವುದು ಪ್ರತ್ಯೇಕವಾದ ದಿನಾಂಕ, ತೀರ್ಪಿನ ದಿನಾಂಕವಲ್ಲ. ಸಮಪಾಲು ನ್ಯಾಯವಾದದ್ದೆಂದು ಕಾನೂನು ಆರಂಭದಲ್ಲಿ ಭಾವಿಸುತ್ತದೆ, ಆದರೆ ಆ ಭಾವನೆ ದಾಂಪತ್ಯದ ಗಳಿಕೆಗೆ ಸಂಬಂಧಿಸಿದ್ದು. ನೀವು 2024ರ ಆಗಸ್ಟ್‌ನಲ್ಲಿ ಬೇರೆಯಾದಿರಿ. ಅಲ್ಲಿಯವರೆಗಿನ ಸಂಬಳದಿಂದ ಮುರಿದ ತೆರಿಗೆ ಇಬ್ಬರಿಗೂ ಸೇರಿದ್ದೆಂದು ವಾದಿಸಬಹುದು, ಆದರೆ ಆಮೇಲಿನ ತಿಂಗಳುಗಳಲ್ಲಿ ಅವರವರ ಸಂಬಳದಿಂದ ಮುರಿದದ್ದು ಅವರವರದೇ. ಒಟ್ಟು ಮುರಿತದಲ್ಲಿ ಅವರದು 3,600, ನಿಮ್ಮದು 2,600 ಇರುವಾಗ, ಮುಂದೆ ಅವರು ತಮ್ಮ ಪಾಲು ಹೆಚ್ಚೆಂದು ಹೇಳುವುದಕ್ಕೂ ಆಸ್ಪದವಿದೆ.

ಫೆಡರಲ್ ರೀಫಂಡ್‌ಗಳ ವಿಷಯದಲ್ಲಿ ಐಆರ್‌ಎಸ್ ಬಹಳ ಹಿಂದಿನಿಂದಲೂ ಹೇಳಿಕೊಂಡು ಬಂದಿರುವುದೂ ಇದನ್ನೇ. ಜಂಟಿ ರಿಟರ್ನ್‌ಗೆ ಸಹಿ ಹಾಕಿದ ಮಾತ್ರಕ್ಕೆ ರೀಫಂಡ್‌ನಲ್ಲಿ ಸಮಪಾಲು ಹುಟ್ಟುವುದಿಲ್ಲ. ಹೆಚ್ಚಾಗಿ ಕಟ್ಟಿದ ಹಣದಲ್ಲಿ ಯಾರದೆಷ್ಟಿತ್ತು ಎಂಬುದರ ಮೇಲೆ, ಆಯಾ ರಾಜ್ಯದ ಆಸ್ತಿ ಕಾನೂನಿಗೆ ಒಳಪಟ್ಟು, ಪಾಲು ನಿರ್ಧಾರವಾಗುತ್ತದೆ. ನೀವು ಮಾತಿನಲ್ಲಿ ಒಪ್ಪಿಕೊಂಡಿರುವ ಹಂಚಿಕೆ ಬರಹದಲ್ಲಿದೆಯೇ? ನಿಮ್ಮ ಸೆಪರೇಷನ್ ಒಪ್ಪಂದದಲ್ಲಿ 2024ರ ರೀಫಂಡ್‌ನ ಪ್ರಸ್ತಾಪವಿದೆಯೇ?

ತುಂಗಾತೀರ:

ಒಪ್ಪಂದದಲ್ಲಿ ಮನೆ, ಎರಡು ಕಾರು, ನಿವೃತ್ತಿ ಖಾತೆಗಳು ಎಲ್ಲವೂ ಇವೆ, ರೀಫಂಡ್‌ನ ಮಾತಿಲ್ಲ. ಅರ್ಧ ಕಳುಹಿಸುತ್ತೇನೆಂದು ಅವರು ಬರೆದ ಇಮೇಲ್ ಮತ್ತು ಬ್ಯಾಂಕ್ ವರ್ಗಾವಣೆಯ ದಾಖಲೆ ನನ್ನಲ್ಲಿವೆ.

ಹೇಮಾವತಿ ದಂಡೆ:

ಸಹೋದರಿ, ನನ್ನ ಅಭಿಪ್ರಾಯ ಬೇರೆ. 1,000 ಡಾಲರನ್ನೂ ನೀವೇ ತೋರಿಸಿಬಿಡಿ. ಹೆಚ್ಚೆಂದರೆ ಇನ್ನೊಂದು 110 ಡಾಲರ್ ತೆರಿಗೆಯಾಗುತ್ತದೆ. ಅದನ್ನು ಅವರು ಕೊಟ್ಟರೆ ಸರಿ, ಕೊಡದಿದ್ದರೂ ಸರಿ, ಮುಗಿದುಹೋದ ಸಂಬಂಧದ ಲೆಕ್ಕವನ್ನು ಮತ್ತೆ ಕೆದಕುವ ನೋವು ತಪ್ಪುತ್ತದೆ. ಐಆರ್‌ಎಸ್ ಕಂಪ್ಯೂಟರ್‌ಗಳು 1099-ಜಿ ಯಾರ ಎಸ್‌ಎಸ್‌ಎನ್‌ನಲ್ಲಿದೆಯೋ ಅವರ ರಿಟರ್ನ್ ಜೊತೆಗೇ ತಾಳೆ ನೋಡುತ್ತವೆ. ಮೊತ್ತ ಕಡಿಮೆ ಕಂಡರೆ ಸಿಪಿ 2000 ನೋಟಿಸ್ ಬರುತ್ತದೆ. ಒಂಟಿಯಾಗಿ ಹೊಸ ಬದುಕು ಕಟ್ಟಿಕೊಳ್ಳುತ್ತಿರುವವರಿಗೆ ಆ ಆತಂಕ ಏಕೆ ಬೇಕು?

ಲೆಕ್ಕಪತ್ರ:

ಹೇಮಾವತಿ ದಂಡೆ ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಸಲಹೆಯನ್ನು ಒಪ್ಪಲಾರೆ. ಅವರವರ ಆದಾಯವನ್ನು ಅವರವರೇ ತೋರಿಸಬೇಕು. ಮಾಜಿ ಪತಿಗೆ ಸೇರಿದ 500 ಡಾಲರ್ ಅವರ ಆದಾಯವೇ ಹೊರತು ಫಾರ್ಮ್ ಮೇಲಿನ ಹೆಸರಿನಿಂದಾಗಿ ತುಂಗಾತೀರ ಅವರದಾಗುವುದಿಲ್ಲ. ಈ ಸಲದ ಮೊತ್ತ ಚಿಕ್ಕದು, ನಿಜ. ಆದರೆ ಇದೇ ಪ್ರಶ್ನೆ ಹತ್ತು ಸಾವಿರ ಡಾಲರ್ ರೀಫಂಡ್ ಬಂದ ಮನೆಗಳಲ್ಲೂ ಏಳುತ್ತದೆ, ಅಲ್ಲಿ ಫಾರ್ಮ್ ಯಾರ ಹೆಸರಿಗೆ ಬಂತು ಎಂಬ ಆಕಸ್ಮಿಕದ ಮೇಲೆ ತೆರಿಗೆ ನಿರ್ಧಾರವಾಗುವುದು ಅನ್ಯಾಯ.

ಸಿಪಿ 2000 ಎಂಬುದು ದಂಡದ ಆದೇಶವಲ್ಲ, ತಾಳೆಯಾಗದ ಅಂಕಿಗೆ ವಿವರಣೆ ಕೇಳುವ, ತೆರಿಗೆಯ ಬದಲಾವಣೆಯನ್ನು ಸೂಚಿಸುವ ಪತ್ರ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಒಪ್ಪುವುದಿಲ್ಲವೆಂದು ಗುರುತು ಹಾಕಿ, ಒಂದು ಪುಟದ ವಿವರಣೆ, ಜಂಟಿ ರಿಟರ್ನ್‌ನ ಶೆಡ್ಯೂಲ್ ಎ ಪ್ರತಿ, ಲೆಕ್ಕದ ಹಾಳೆ, ಹಂಚಿಕೆಯ ಇಮೇಲ್, ವರ್ಗಾವಣೆಯ ದಾಖಲೆ ಇಷ್ಟನ್ನು ಕಳುಹಿಸಿದರೆ ನಿಮ್ಮ ಪಕ್ಷ ಸ್ಪಷ್ಟವಾಗುತ್ತದೆ. ಇದೆಲ್ಲವನ್ನೂ ನೋಟಿಸ್ ಬಂದ ಮೇಲೆ ಹುಡುಕಲು ಹೋಗದೆ ರಿಟರ್ನ್ ಸಲ್ಲಿಸುವ ದಿನವೇ ಒಂದು ಕಡತದಲ್ಲಿ ಸೇರಿಸಿಡಿ.

ರಾಲಿ ನಿವಾಸಿ ಅವರು ಹೇಳಿದ್ದು ಸರಿಯಾಗಿದೆ. ಕಾನೂನಿನ ಪ್ರಕಾರ ನಿಖರವಾದ ಪಾಲು ಎಷ್ಟೆಂದು ತಿಂಗಳುವಾರು ಅಳೆಯಲು ಹೊರಟರೆ ವಕೀಲರ ಶುಲ್ಕವೇ ರೀಫಂಡ್‌ಗಿಂತ ಹೆಚ್ಚಾಗಬಹುದು. ಇಬ್ಬರೂ ಒಪ್ಪಿ ಅರ್ಧರ್ಧ ಮಾಡಿಕೊಂಡಿದ್ದೀರಿ, ಹಣವೂ ಕೈ ಬದಲಾಗಿದೆ. ಆ ಇಮೇಲ್‌ಗೆ ಉತ್ತರವಾಗಿ ನಾಲ್ಕು ಸಾಲು ಬರೆದು ಒಪ್ಪಿಗೆ ಪಡೆಯಿರಿ: 2024ರ ಜಂಟಿ ರಾಜ್ಯ ರೀಫಂಡ್ 1,600 ಡಾಲರನ್ನು ಸಮನಾಗಿ ಹಂಚಿಕೊಂಡಿದ್ದೇವೆ, ತೆರಿಗೆಗೆ ಒಳಪಡುವ ಭಾಗ 1,000, ತಲಾ 500ನ್ನು 2025ರ ರಿಟರ್ನ್‌ನಲ್ಲಿ ತೋರಿಸುತ್ತೇವೆ. ಎರಡೂ ರಿಟರ್ನ್‌ಗಳಲ್ಲಿ ಒಂದೇ ಲೆಕ್ಕ ಇರುವುದೇ ನಿಮಗಿರುವ ಗಟ್ಟಿ ಆಧಾರ. ಅವರು ಕಳುಹಿಸಿದ 800 ಡಾಲರ್ ಪ್ರತ್ಯೇಕ ಆದಾಯವೇ ಎಂಬ ಅನುಮಾನ ಬೇಡ. ಅದು ರೀಫಂಡ್‌ನಲ್ಲಿ ನಿಮ್ಮ ಪಾಲು, ಜೀವನಾಂಶವಲ್ಲ.

ಹೇಮಾವತಿ ದಂಡೆ:

ನಿಮ್ಮ ಮಾತು ನ್ಯಾಯವಾಗಿದೆ ಸರ್. ಅವರು ಒಪ್ಪಿಗೆ ಬರೆದುಕೊಡದೇ ಹೋದರೆ ಏನು ಮಾಡಬೇಕೆಂದು ಮಾತ್ರ ಹೇಳಿ.

ಲೆಕ್ಕಪತ್ರ:

ಆಗಲೂ ಲೆಕ್ಕ ಬದಲಾಗುವುದಿಲ್ಲ. ತುಂಗಾತೀರ ಅವರು ತಮ್ಮ 500 ತೋರಿಸಬೇಕು, ಹಳೆಯ ಇಮೇಲ್ ಮತ್ತು ಬ್ಯಾಂಕ್ ದಾಖಲೆ ಆಧಾರವಾಗುತ್ತವೆ. ಅವರು ತಮ್ಮ ಪಾಲನ್ನು ತೋರಿಸಿದರೋ ಇಲ್ಲವೋ ಎಂಬುದು 2025ರ ಅವರ ಸ್ವಂತ ರಿಟರ್ನ್‌ನ ವಿಷಯ, ಅದರ ಹೊಣೆ ಇವರದಲ್ಲ. 2024ರ ಜಂಟಿ ರಿಟರ್ನ್‌ನ ಮಾತು ಹಾಗಲ್ಲ. ಅದರಲ್ಲಿ ಮುಂದೆ ಬಾಕಿ ಏನಾದರೂ ಕಂಡುಬಂದರೆ, ವಿಚ್ಛೇದನವಾಗಿದ್ದರೂ, ತೀರ್ಪಿನಲ್ಲಿ ಏನೇ ಬರೆದಿದ್ದರೂ, ಐಆರ್‌ಎಸ್ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲಿ ಮಾಡಬಹುದು. ಸಂಗಾತಿಯ ತಪ್ಪಿನಿಂದ ಹಾಗಾದಾಗ ಪರಿಹಾರ ಕೋರಲು ಫಾರ್ಮ್ 8857 ಇದೆ.

ಕಾಫಿತೋಟ:

ಭಾರತದಲ್ಲಿ ಗಂಡ ಹೆಂಡತಿ ಸಂಬಳದ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಸಲ್ಲಿಸುವುದರಿಂದ, ಊರಿನಲ್ಲಿ ಕೆಲಸ ಮಾಡಿ ಬಂದ ನಮ್ಮವರಲ್ಲಿ ಅನೇಕರಿಗೆ ಈ ಜಂಟಿ ಹೊಣೆಯ ಗಾಂಭೀರ್ಯ ಮೊದಲಿಗೆ ತಿಳಿಯುವುದಿಲ್ಲ. ಎಚ್-4 (ಕೆಲಸದ ವೀಸಾ ಇರುವವರ ಅವಲಂಬಿತರ) ವೀಸಾದಲ್ಲಿ ಬಂದ ಹೆಣ್ಣುಮಕ್ಕಳು ಪತಿ ತೋರಿಸಿದ ಕಡೆ ಸಹಿ ಹಾಕಿ, ರಿಟರ್ನ್‌ನ ಒಂದು ಪ್ರತಿಯನ್ನೂ ಇಟ್ಟುಕೊಳ್ಳದೆ ಇರುವುದುಂಟು. ಪ್ರತಿ ಇಲ್ಲದವರು ಐಆರ್‌ಎಸ್ ಜಾಲತಾಣದಲ್ಲಿ ತಮ್ಮದೇ ಖಾತೆ ತೆರೆದು ಜಂಟಿ ರಿಟರ್ನ್‌ನ ಟ್ರಾನ್ಸ್‌ಕ್ರಿಪ್ಟ್ (ಅಂಕಿಗಳ ಸಾರಾಂಶ) ಪಡೆಯಬಹುದು, ಅಥವಾ ಫಾರ್ಮ್ 4506-ಟಿ ಕಳುಹಿಸಿ ತರಿಸಿಕೊಳ್ಳಬಹುದು. ಜಂಟಿ ರಿಟರ್ನ್‌ನಲ್ಲಿ ಹೆಸರಿರುವ ಇಬ್ಬರಿಗೂ ಆ ಹಕ್ಕಿದೆ, ಅದಕ್ಕೆ ಮಾಜಿ ಪತಿಯ ಅನುಮತಿ ಬೇಕಿಲ್ಲ. ದಯವಿಟ್ಟು ಈ ಮಾತನ್ನು ಗೊತ್ತಿಲ್ಲದವರಿಗೆ ತಲುಪಿಸಿ.

ಇನ್ನೊಂದು ಮಾತು. ಮನೆ ಬದಲಿಸಿದವರು ಫಾರ್ಮ್ 8822 ಮೂಲಕ ಹೊಸ ವಿಳಾಸವನ್ನು ಐಆರ್‌ಎಸ್‌ಗೆ ತಿಳಿಸಬೇಕು. ನೋಟಿಸ್ ಹೋಗುವುದು ಅವರಲ್ಲಿರುವ ಕೊನೆಯ ವಿಳಾಸಕ್ಕೆ. ಅದು ನೀವು ಬಿಟ್ಟು ಬಂದ ಮನೆಯಾಗಿದ್ದು, ಅಲ್ಲಿರುವವರು ಕಾಗದವನ್ನು ನಿಮಗೆ ತಲುಪಿಸದಿದ್ದರೆ ಉತ್ತರದ ಗಡುವು ನಿಮಗೆ ಗೊತ್ತಿಲ್ಲದೆಯೇ ಕಳೆದುಹೋಗುತ್ತದೆ.

ಬೇ ಏರಿಯಾ ಕನ್ನಡಿಗ:

ಈಗ ವಿಚ್ಛೇದನದ ಹಾದಿಯಲ್ಲಿರುವವರಿಗಾಗಿ ಒಂದು ವಿಷಯ ಸೇರಿಸಬೇಕು. 2025ರ ಜುಲೈ 4ರಂದು ಸಹಿಯಾದ ಕಾನೂನು ಆ ವರ್ಷಕ್ಕೆ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಕಡಿತದ ಮಿತಿಯನ್ನು 40,000 ಡಾಲರ್‌ಗೆ ಏರಿಸಿದೆ (ಆದಾಯ 5,00,000 ಡಾಲರ್ ದಾಟಿದವರಿಗೆ ಅದು ಕ್ರಮೇಣ ಇಳಿಯುತ್ತದೆ). ನಾನು ಮೊದಲು ಕೊಟ್ಟ ಉದಾಹರಣೆಯ ದಂಪತಿ 2025ರಲ್ಲಿಯೂ ಅದೇ 27,000 ಕಟ್ಟಿದ್ದರೆ ಈಗ ಅಷ್ಟೂ ಕಡಿತವಾಗುತ್ತದೆ. ಮನೆಸಾಲದ ಬಡ್ಡಿಯೂ ಸೇರಿ ಅವರ ಒಟ್ಟು ಕಡಿತ 2025ರ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್ ಆದ 31,500ಕ್ಕಿಂತ ಬಹಳ ಮೇಲಿದ್ದರೆ, 2026ರಲ್ಲಿ ಬರುವ 2,400 ರೀಫಂಡ್ ಪೂರ್ತಿಯಾಗಿ ಆದಾಯವಾಗುತ್ತದೆ. ಇಷ್ಟು ವರ್ಷ ಮಿತಿಯಿಂದಾಗಿ ಈ ಪ್ರಶ್ನೆಯೇ ಏಳದಿದ್ದ ಅನೇಕ ಮನೆಗಳಲ್ಲಿ ಇನ್ನು ಮುಂದೆ ಏಳುತ್ತದೆ.

ಹಾಗಾಗಿ 2025ಕ್ಕೆ ಜಂಟಿಯಾಗಿ ಸಲ್ಲಿಸಿ 2026ರಲ್ಲಿ ಬೇರೆಯಾಗುತ್ತಿರುವವರು, ಯಾವ ವರ್ಷದ ರೀಫಂಡ್ ಯಾವ ಪ್ರಮಾಣದಲ್ಲಿ ಹಂಚಿಕೆಯಾಗಬೇಕು, ಯಾರ ಖಾತೆಗೆ ಬರುತ್ತದೆ, ತೆರಿಗೆಯ ಭಾಗವನ್ನು ಯಾರು ಎಷ್ಟು ತೋರಿಸಬೇಕು, ಒಬ್ಬರಿಗೆ ಬಂದ ಫಾರ್ಮ್ ಅಥವಾ ನೋಟಿಸನ್ನು ಇನ್ನೊಬ್ಬರಿಗೆ ಎಷ್ಟು ದಿನಗಳಲ್ಲಿ ತಲುಪಿಸಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಕ್ಯಾಲಿಫೋರ್ನಿಯಾ ಸಮುದಾಯ ಆಸ್ತಿಯ ರಾಜ್ಯವಾದ್ದರಿಂದ, ಬೇರೆಯಾಗುವ ಮುನ್ನ ಗಳಿಸಿದ ಸಂಬಳದ ಮೇಲಿನ ರೀಫಂಡ್ ಸಾಮಾನ್ಯವಾಗಿ ಇಬ್ಬರಿಗೂ ಸಮನಾಗಿ ಸೇರುತ್ತದೆ, ಆದರೆ ಆಮೇಲಿನ ಗಳಿಕೆ ಅವರವರದು. ಇಲ್ಲಿಯೂ ಬೇರೆಯಾದ ದಿನಾಂಕವನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ತುಂಗಾತೀರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೆಕ್ಕಪತ್ರ ಅವರ ನಾಲ್ಕು ಸಾಲುಗಳನ್ನು ಲೆಕ್ಕದ ಹಾಳೆಯ ಜೊತೆಗೆ ಕಳುಹಿಸಿದೆ, ಒಪ್ಪಿಗೆ ಎಂದು ಅವರಿಂದ ಉತ್ತರ ಬಂದಿದೆ. ಶೆಡ್ಯೂಲ್ 1ರ ಮೊದಲ ಸಾಲಿನಲ್ಲಿ 500 ತೋರಿಸುತ್ತೇನೆ. ಕೊನೆಯದಾಗಿ ಎರಡು ಪ್ರಶ್ನೆಗಳಿವೆ. ಈ 500ಕ್ಕೆ ನಾರ್ತ್ ಕ್ಯಾರೊಲೈನಾ ಕೂಡ ತೆರಿಗೆ ಹಾಕುತ್ತದೆಯೇ? ರೀಫಂಡ್ ತಡವಾಗಿ ಬಂದವರಿಗೆ ರಾಜ್ಯ ಬಡ್ಡಿಯನ್ನೂ ಕೊಡುತ್ತದೆ ಎಂದು ಕೇಳಿದ್ದೇನೆ, ಅದೂ ಇದೇ ಲೆಕ್ಕದಲ್ಲಿ ಸೇರುತ್ತದೆಯೇ?

ಲೆಕ್ಕಪತ್ರ:

ರಾಜ್ಯ ಹಾಕುವುದಿಲ್ಲ. ಫೆಡರಲ್ ಆದಾಯದಲ್ಲಿ ಸೇರಿದ ಆ 500ನ್ನು ರಾಜ್ಯದ ರಿಟರ್ನ್ ಆದ ಫಾರ್ಮ್ ಡಿ-400ರ ಶೆಡ್ಯೂಲ್ ಎಸ್‌ನಲ್ಲಿ ಕಳೆಯಬೇಕು. ಸಾಫ್ಟ್‌ವೇರ್ ತಾನಾಗಿಯೇ ಕಳೆದಿದೆಯೇ ಎಂದು ನೋಡಿಕೊಳ್ಳಿ.

ಬಡ್ಡಿಯ ಲೆಕ್ಕವೇ ಬೇರೆ. ಅದು 1099-ಜಿ ಫಾರ್ಮ್‌ನ ಎರಡನೆಯ ಚೌಕದಲ್ಲಿ ಸೇರಿರುವುದಿಲ್ಲ. ಕಳೆದ ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಂಡವರಿಗೂ, 10,000ದ ಮಿತಿ ದಾಟಿದವರಿಗೂ ಬಡ್ಡಿ ಪೂರ್ತಿ ಆದಾಯವೇ, ಅದನ್ನು ಬಡ್ಡಿಯ ಸಾಲಿನಲ್ಲಿಯೇ ತೋರಿಸಬೇಕು. ನಿಮ್ಮ ಖಾತೆಗಳಿಗೆ ಬಂದ ಮೊತ್ತ ಸರಿಯಾಗಿ 1,600 ಆಗಿರುವುದರಿಂದ ಬಡ್ಡಿ ಬಂದಂತೆ ಕಾಣುವುದಿಲ್ಲ. ಕಡತವನ್ನು ರಿಟರ್ನ್ ಸಲ್ಲಿಸಿದ ದಿನದಿಂದ ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಿ, ಜಂಟಿ ರಿಟರ್ನ್‌ನ ಪ್ರತಿಯನ್ನು ಅದಕ್ಕೂ ಹೆಚ್ಚು ಕಾಲ ಇಟ್ಟುಕೊಂಡರೆ ಒಳ್ಳೆಯದು.